ಒಳಗೆ ಬಿಟ್ಟ ಬಟ್ಟೆ

ಮುಂಗೈ ಮಷಿನ್ ಬಂದ ಮೇಲೆ ದರ್ಜಿಗಳು ಮಕ್ಕಳ ಬಟ್ಟೆಯಲ್ಲಿ ಮಡಿಕೆ ಬಿಡುವುದನ್ನು ನಿಲ್ಲಿಸಿದರು.

ಅದಕ್ಕೆ ಮೊದಲು ಯಾವ ಮಗು ಎಷ್ಟು ಬೆಳೆದೀತು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದ ಲಂಗದ ಅಂಚಿನಲ್ಲಿ ನಾಲ್ಕು ಬೆರಳು, ತೋಳಿನ ತುದಿಯಲ್ಲಿ ಎರಡು ಬೆರಳು ಬಟ್ಟೆಯನ್ನು ಒಳಕ್ಕೆ ಮಡಚಿ ಹೊಲಿದು, ಮಗು ಬೆಳೆದಂತೆ ಹೊಲಿಗೆ ಬಿಚ್ಚಿ ಇಳಿಸುತ್ತಿದ್ದರು. ಬಿಸಿಲು ಕಾಣದ ಆ ಪಟ್ಟಿ ಮಾತ್ರ ಗಾಢ ಬಣ್ಣದಲ್ಲಿ ಉಳಿದಿರುತ್ತಿತ್ತು. ನೆಂಟರು ಅದನ್ನು ನೋಡಿಯೇ ಹುಡುಗಿ ಬೆಳೆದಿದ್ದಾಳೆ ಎನ್ನುತ್ತಿದ್ದರು.

ಯಂತ್ರದ ಸರ್ಕಾರಿ ಹೆಸರು ಅಸ್ಥಿವಯೋಮಾಪಕ. ಆ ಹೆಸರು ಅದರ ಪೆಟ್ಟಿಗೆಯ ಮೇಲೆ ಬಿಟ್ಟರೆ ಬೇರೆಲ್ಲೂ ಉಳಿಯಲಿಲ್ಲ. ಅದು ಮಾಡುವ ಕೆಲಸ ಸರಳವಾದದ್ದು. ಬೆಳೆಯುವ ಮಕ್ಕಳ ಎಲುಬಿನ ತುದಿಯ ಬಳಿ ಮೆತ್ತಗಿನ ಪಟ್ಟಿಯೊಂದಿರುತ್ತದೆ. ಎಲುಬು ಉದ್ದವಾಗುವುದು ಅಲ್ಲಿಂದ. ಬೆಳವಣಿಗೆ ಮುಗಿಯುತ್ತ ಬಂದಂತೆ ಆ ಪಟ್ಟಿ ಗಟ್ಟಿಯಾಗಿ ಎಲುಬಿನೊಳಗೆ ಬೆರೆತುಹೋಗುತ್ತದೆ. ಯಂತ್ರವು ಮುಂಗೈಯ ಒಂದು ಬದಿಯಿಂದ ಕಿವಿಗೆ ಕೇಳದ ಸದ್ದನ್ನು ಹಾಯಿಸಿ ಇನ್ನೊಂದು ಬದಿಯಲ್ಲಿ ಹಿಡಿಯುತ್ತದೆ. ಮೆತ್ತನೆಯ ಪಟ್ಟಿ ಸದ್ದನ್ನು ಹಾಯಗೊಡುತ್ತದೆ, ಗಟ್ಟಿ ಎಲುಬು ನುಂಗುತ್ತದೆ. ಎಷ್ಟು ಸದ್ದು ನುಂಗಿಹೋಯಿತು ಎಂಬುದರಿಂದ ಮಗುವಿನ ಮೈವಯಸ್ಸು, ಇನ್ನೆಷ್ಟು ಎತ್ತರ ಬಾಕಿ, ಮೈಯಲ್ಲಿ ಎಷ್ಟು ಕೊಬ್ಬು ಎಷ್ಟು ಸ್ನಾಯು ಇರಬೇಕು, ದಿನಕ್ಕೆ ಎಷ್ಟು ಊಟ ಬೇಕು, ಎಲ್ಲವೂ ಪರದೆಯ ಮೇಲೆ ಮೂಡುತ್ತದೆ.

ಇದರಿಂದ ಮೊದಲು ಉದ್ಧಾರವಾದದ್ದು ಆಟದ ಮೈದಾನ. ಶಾಲೆಯ ದಾಖಲೆ ತಿದ್ದಿಸಿಕೊಂಡು, ಬೆಳಿಗ್ಗೆ ಮೀಸೆ ಬೋಳಿಸಿಕೊಂಡು ಬಂದು ಹದಿನಾಲ್ಕರ ಒಳಗಿನವರ ಜೊತೆ ಓಡುತ್ತಿದ್ದ ಗಂಡಸರ ಆಟ ಮುಗಿಯಿತು. ಹುಟ್ಟಿದ ದಿನ ಒಂದೇ ಆದರೂ ಒಬ್ಬ ಆಳುದ್ದ, ಇನ್ನೊಬ್ಬ ಹಾಲುಗಲ್ಲದವನು ಎಂಬ ಅನ್ಯಾಯವೂ ಹೋಯಿತು. ಮೈವಯಸ್ಸು ಸಮ ಇದ್ದವರು ಸಮರ ಜೊತೆ ಸೆಣಸತೊಡಗಿದರು. ಧಾರವಾಡದ ಬೆಳವಣಿಗೆ ಮಾಪನ ಕೇಂದ್ರದ ಗೋಡೆಯ ಮೇಲೆ 'ಬೆಳೆಯ ಸಿರಿ ಮೊಳಕೆಯಲ್ಲಿ' ಎಂದು ದೊಡ್ಡ ಅಕ್ಷರದಲ್ಲಿ ಬರೆಸಲಾಯಿತು. ನಮ್ಮ ಜನ ಒಂದು ಹೊಸ ಸಂಖ್ಯೆ ಸಿಕ್ಕರೆ ಸುಮ್ಮನಿರುವವರಲ್ಲ. ಕನ್ಯೆ ನೋಡಲು ಬಂದವರೂ ಜಾತಕದ ಜೊತೆ ಮುಂಗೈ ಚೀಟಿ ಕೇಳತೊಡಗಿದರು.

ಗದಗಿನ ಆಚೆ ಕರೆಗುಡ್ಡ ಎಂಬ ಸಣ್ಣ ಪಟ್ಟಣದಲ್ಲಿ ಫಕ್ಕೀರಪ್ಪ ಸಿಂಪಿಯ ಹೊಲಿಗೆ ಅಂಗಡಿಯಿತ್ತು. ಅವನ ಮಗಳು ದಾನೇಶ್ವರಿ, ಮನೆಯಲ್ಲಿ ದಾನಿ, ಊರಿನ ಗರಡಿಯಲ್ಲಿ ಮಲ್ಲಕಂಬ ಆಡುತ್ತಿದ್ದಳು. ನುಣ್ಣಗಿನ ಸಾಗವಾನಿ ಕಂಬಕ್ಕೆ ಹರಳೆಣ್ಣೆ ಹಚ್ಚಿ, ಅದರ ಮೇಲೆ ಏರಿ, ಸುತ್ತಿ, ತುದಿಯಲ್ಲಿ ಕೈಯೂರಿ ತಲೆಕೆಳಗಾಗಿ ನಿಲ್ಲುವ ಆಟ ಅದು. ಚಿಕ್ಕ ಮೈ, ಹಗುರ ಮೈ ಇದ್ದವರಿಗೆ ಅದರಲ್ಲಿ ಮರ್ಯಾದೆ ಹೆಚ್ಚು. ಒಳ್ಳೆಯ ಆಟಗಾರ್ತಿಯರು ಹದಿನಾಲ್ಕಕ್ಕೋ ಹದಿನೈದಕ್ಕೋ ಒಮ್ಮೆಲೇ ಎತ್ತರ ಬೆಳೆದು, ಮೈ ತುಂಬಿಕೊಂಡು, ಕಂಬ ಬಿಟ್ಟು ಹೋಗುವುದನ್ನು ಗರಡಿಯ ಚನ್ನವೀರ ಮಾಸ್ತರರು ಎಷ್ಟೋ ಸಲ ನೋಡಿದ್ದರು.

ಒಂದು ಬೇಸಿಗೆಯಲ್ಲಿ ಕೇಂದ್ರದಿಂದ ಬಂದ ಹುಡುಗ ಯಂತ್ರವನ್ನು ಗರಡಿಯ ಕಟ್ಟೆಯ ಮೇಲಿಟ್ಟ. ಚರ್ಮಕ್ಕೂ ಯಂತ್ರಕ್ಕೂ ನಡುವೆ ಗಾಳಿ ಉಳಿಯದಂತೆ ಹಚ್ಚುವ ಲೋಳೆ ಆ ಬಿಸಿಲಿಗೆ ಬಾಟಲಿಯಲ್ಲೇ ಒಣಗಿತ್ತು.

"ಬರೇ ಜಾರು ಬೇಕಲ್ಲ? ನಮ್ಮಲ್ಲಿ ಔಡಲೆಣ್ಣಿಗೆ ಬರ ಇಲ್ಲ, ತಗೋ," ಎಂದು ಮಾಸ್ತರರು ಕಂಬಕ್ಕೆ ಹಚ್ಚುವ ಹರಳೆಣ್ಣೆಯ ಡಬ್ಬಿಯನ್ನೇ ಮುಂದೆ ಸರಿಸಿದರು. ಎಣ್ಣೆ ಹಚ್ಚಿದರೂ ಚಿತ್ರ ಸ್ಪಷ್ಟವಾಗಿ ಬಂತು. ಹುಡುಗ ಖುಷಿಪಟ್ಟು, ಮುಂದಿನ ಗರಡಿಗಳಿಗೂ ಆಗಲಿ ಎಂದು ಒಂದು ಬಾಟಲಿ ತುಂಬಿಸಿಕೊಂಡ.

ಹದಿಮೂರರ ದಾನಿಯ ಮೈವಯಸ್ಸು ಹದಿನೇಳು ಎಂದು ಬಂತು. ಬಾಕಿ ಎತ್ತರ ಅರ್ಧ ಬೆರಳೂ ಇಲ್ಲ.

ಮಾಸ್ತರರು ಪರದೆಗೆ ಕೈಮುಗಿದುಬಿಟ್ಟರು. "ಫಕ್ಕೀರಪ್ಪಾ, ನಿನ್ನ ಮಗಳು ಇನ್ನ ಬೆಳಿಯೂದುಲ್ಲೋ! ಹಿಂಗ ಹಕ್ಕಿ ಹಂಗ ಉಳೀತಾಳ. ಇಂಥಾಕಿ ಸಿಗೂದು ಪುಣ್ಯ!"

ಬೆಳವಣಿಗೆ ಮುಗಿದವಳು ಎಂದರೆ ದೊಡ್ಡವರ ತಂಡ. ದೊಡ್ಡವರ ತಂಡ ಎಂದರೆ ದೊಡ್ಡವರ ಕಸರತ್ತು. ಮೆತ್ತನೆಯ ಪಟ್ಟಿ ಇರುವ ಮಕ್ಕಳಿಗೆ ಕೂಡದೆಂದು ನಿಯಮವಿದ್ದ ಒಂಟಿಗೈ ಪಟ್ಟುಗಳು ಈಗ ದಾನಿಗೆ ತೆರೆದವು. ಇಡೀ ಮೈಭಾರವನ್ನು ಒಂದೇ ಮುಂಗೈಯ ಮೇಲೆ ಹೊತ್ತು ಕಂಬದ ತುದಿಯಲ್ಲಿ ನಿಲ್ಲುವುದನ್ನು ಅವಳು ಬೇಗ ಕಲಿತಳು. ಅವಳ ಹೆಸರು ರಾಜ್ಯ ತಂಡಕ್ಕೆ, ಅಲ್ಲಿಂದ ಕಠ್ಮಂಡುವಿನ ಕ್ರೀಡಾಕೂಟಕ್ಕೆ ಹೋಯಿತು. ಕರೆಗುಡ್ಡದಿಂದ ಆ ತನಕ ಗಡಿ ದಾಟಿ ಹೋದವರಲ್ಲಿ ಮೆಣಸಿನಕಾಯಿ ಲಾರಿಯವರನ್ನು ಬಿಟ್ಟರೆ ಯಾರೂ ಇರಲಿಲ್ಲ.

ಧಾರವಾಡದ ಕೇಂದ್ರದಲ್ಲಿ ಡಾಕ್ಟರ್ ಮೃದುಲಾ ಕೊಪ್ಪರ ಎಲ್ಲ ಊರುಗಳ ಅಂಕಿಗಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುವವರು. ಗರಡಿಯ ಮಕ್ಕಳ ಮೈವಯಸ್ಸು ಉಳಿದ ಮಕ್ಕಳಿಗಿಂತ ಬಹಳ ಮುಂದಿರುವುದು ಅವರ ಕಣ್ಣಿಗೆ ಬಿತ್ತು. ಓಟದ ಮಕ್ಕಳಲ್ಲಿಲ್ಲ, ಈಜಿನ ಮಕ್ಕಳಲ್ಲಿಲ್ಲ, ಕಂಬದ ಮಕ್ಕಳಲ್ಲಿ ಮಾತ್ರ. ಎಲ್ಲಿಯೋ ತಪ್ಪಾಗಿದೆ ಎನ್ನುವುದು ಒಂದು ದಾರಿ. ಹೊಸದೇನೋ ಸಿಕ್ಕಿದೆ ಎನ್ನುವುದು ಇನ್ನೊಂದು. ಓದಿದವರಿಗೆ ಎರಡನೆಯ ದಾರಿ ಹೆಚ್ಚು ಹತ್ತಿರ. ಕಂಬದ ಕಸರತ್ತು ಎಲುಬನ್ನು ಬೇಗ ಮಾಗಿಸುತ್ತದೆ ಎಂದು ಅವರು ಪ್ರಬಂಧ ಬರೆದರು. ಕೇಂದ್ರದ ನಿರ್ದೇಶಕರು ಅದನ್ನು ಮಂತ್ರಿಗಳ ಭಾಷಣದಲ್ಲಿ ಸೇರಿಸಿದರು.

ಕರೆಗುಡ್ಡದ ಮನೆಯಲ್ಲಿ ಆ ವರ್ಷ ಬಟ್ಟೆಗಳು ಕುಗ್ಗತೊಡಗಿದವು.

ಫಕ್ಕೀರಪ್ಪ ಮಗಳ ಆಟದ ಉಡುಪನ್ನು ತಾನೇ ಹೊಲಿಯುತ್ತಿದ್ದ. ಬೆಳೆಯುವವಳಲ್ಲ ಎಂದು ಗೊತ್ತಾದ ಮೇಲೆ ಒಂದು ನೂಲಿನಷ್ಟೂ ಒಳಗೆ ಬಿಡದೆ, ಮೈಗೆ ಅಂಟಿಸಿದಂತೆ ಹೊಲಿದಿದ್ದ. ಎರಡು ತಿಂಗಳಿಗೆ ತೋಳು ಮೇಲೇರಿತು. ಇನ್ನೊಂದು ಹೊಲಿದ. ಅದೂ ಮೇಲೇರಿತು. ಅವನು ಬಟ್ಟೆಯನ್ನು ನೀರಲ್ಲಿ ನೆನೆಸಿಟ್ಟು, ಒಣಗಿಸಿ, ಆಮೇಲೆ ಕತ್ತರಿಸಿ ನೋಡಿದ. ಆದರೂ ಕುಗ್ಗಿತು. ಹುಬ್ಬಳ್ಳಿಯ ಬಟ್ಟೆ ವ್ಯಾಪಾರಿ ಹೀರಾಚಂದನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದ.

"ಮೂವತ್ತ ವರ್ಷದಿಂದ ನಿನ್ ಕಡೆ ತಗೊಳ್ಳಾಕತ್ತೇನಿ ಸೇಠ್. ಇಂಥಾ ಲಫಡಾ ಅರಿವಿ ಕೊಡ್ತಿ ಅಂದ್ರ ಹೆಂಗ?"

ಹೀರಾಚಂದ ಹಳೆಯ ಗಿರಾಕಿಯ ಮಾತನ್ನು ನಂಬಿ ಆ ಬಟ್ಟೆಯನ್ನು ತರಿಸುವುದನ್ನೇ ಬಿಟ್ಟ. ಅಳತೆಯ ಟೇಪು ಫಕ್ಕೀರಪ್ಪನ ಕೊರಳಲ್ಲೇ ಇತ್ತು. ಪ್ರತಿಸಲವೂ ಅದು ಹಿಂದಿನದಕ್ಕಿಂತ ಹೆಚ್ಚು ತೋರಿಸುತ್ತಿತ್ತು. ತನ್ನ ಕಣ್ಣು ಮಂಜಾಗುತ್ತಿದೆ ಎಂದುಕೊಂಡು ಅವನು ಗದಗಿಗೆ ಹೋಗಿ ಹೊಸ ಕನ್ನಡಕ ತಂದ. ಯಂತ್ರ ತಪ್ಪಿರಬಹುದು ಎಂಬುದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಅವನು ಅನುಮಾನಿಸಿದ.

ದಾನಿಗೆ ಯಾವಾಗಲೂ ಹಸಿವು. ಬೆಳೆದು ಮುಗಿದ ಮೈಗೆ ಇಷ್ಟೇ ಸಾಕು ಎಂದು ಕೇಂದ್ರ ಕಳಿಸಿದ ಊಟದ ಪಟ್ಟಿಯಲ್ಲಿ ಒಂದು ಹೊತ್ತಿಗೆ ಎರಡು ರೊಟ್ಟಿ ಇತ್ತು. ಅವಳು ಎರಡನ್ನು ತಿಂದು ಬುಟ್ಟಿಯ ಕಡೆ ನೋಡುತ್ತ ಕೂರುವಳು. ತಾಯಿ ಗಿರಿಜವ್ವ ಮೊದಮೊದಲು ಪಟ್ಟಿಗೆ ಹೆದರಿದಳು. ಆಮೇಲೆ ಗಂಡ ಅಂಗಡಿಗೆ ಹೋಗುವುದನ್ನೇ ಕಾದು, ಇನ್ನೆರಡು ರೊಟ್ಟಿ, ಶೇಂಗಾ ಚಟ್ನಿ, ಕೆನೆಮೊಸರು ಇಕ್ಕತೊಡಗಿದಳು. ಮಗಳು ಅದನ್ನು ಗಬಗಬನೆ ಉಂಡು ಮುಗಿಸುವವರೆಗೆ ಬಾಗಿಲ ಕಡೆ ಒಂದು ಕಣ್ಣಿಟ್ಟು ಕೂರುತ್ತಿದ್ದಳು.

ಅವಳಿಗೆ ಇನ್ನೊಂದು ಚಿಂತೆಯಿತ್ತು. ಅದನ್ನು ಗಂಡನಿಗೂ ಹೇಳಿರಲಿಲ್ಲ. ಮೈಗೆ ಹದಿನೇಳಾಯಿತು ಎಂದು ಯಂತ್ರ ಹೇಳಿ ವರ್ಷವಾಯಿತು. ಮಗಳು ಇನ್ನೂ ದೊಡ್ಡವಳಾಗಿರಲಿಲ್ಲ. ಹದಿನಾಲ್ಕರ ಹುಡುಗಿ ಮೈನೆರೆಯದಿದ್ದರೆ ಯಾರೂ ಚಿಂತಿಸುವುದಿಲ್ಲ; ಹದಿನೇಳಕ್ಕೂ ಆಗದಿದ್ದರೆ ಹೊಟ್ಟೆಯೊಳಗೆ ಏನೋ ಕೊರತೆ ಇರಬೇಕು. ಗಿರಿಜವ್ವ ಗುಡ್ಡಾಪುರದ ದಾನಮ್ಮನಿಗೆ ಹರಕೆ ಕಟ್ಟಿಕೊಂಡಳು.

ಅಷ್ಟರಲ್ಲಿ ದಾನಿಯ ಬಲ ಮುಂಗೈ ನೋಯತೊಡಗಿತು. ಬೆಳಿಗ್ಗೆ ಚೊಂಬು ಎತ್ತಲೂ ಆಗುತ್ತಿರಲಿಲ್ಲ. ಚನ್ನವೀರ ಮಾಸ್ತರರು ಕೆಟ್ಟವರಲ್ಲ, ಆದರೆ ಕಠ್ಮಂಡು ಅವರ ನಿದ್ದೆ ತಿಂದಿತ್ತು.

"ಕುಣೀಲಾರದಾಕಿ ನೆಲಾ ಡೊಂಕು ಅಂದ್ಲಂತ. ಮಾಗಿದ ಎಲುವು ಅದು, ಮಷಿನ್ನ ಹೇಳೇತಿ. ನೋವು ನಿನ್ನ ತಲ್ಯಾಗ ಐತಿ."

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಆದರೆ ಮುಂಗೈ ನೋವಿಗೆ ಆ ಕಾಲದಲ್ಲಿ ಯಂತ್ರದ ಒಪ್ಪಿಗೆ ಬೇಕಿತ್ತು. ದಾನಿ ಬಟ್ಟೆ ಸುತ್ತಿಕೊಂಡು ಮತ್ತೆ ಕಂಬ ಏರಿದಳು. ಕಠ್ಮಂಡುವಿಗೆ ಇನ್ನು ಒಂದು ತಿಂಗಳಿತ್ತು.

ಒಂದು ದಿನ ಗಿರಿಜವ್ವ ಮುಂಗೈ ನೋವಿನ ನೆಪ ಹೇಳಿ, ಮನಸ್ಸಿನಲ್ಲಿ ಇನ್ನೊಂದನ್ನು ಇಟ್ಟುಕೊಂಡು, ಮಗಳನ್ನು ಧಾರವಾಡದ ಬಸ್ಸು ಹತ್ತಿಸಿದಳು.

ಕೇಂದ್ರದ ನರ್ಸು ದಾನಿಯ ಕೈ ತೊಳೆಸಿ, ಒರೆಸಿ, ಲೋಳೆ ಹಚ್ಚಿ ಯಂತ್ರದೊಳಗಿಟ್ಟಳು. ಪರದೆ ಕೆಂಪಾಯಿತು. ಮತ್ತೆ ಇಟ್ಟಳು, ಮತ್ತೆ ಕೆಂಪು. ಮೈವಯಸ್ಸು ಹನ್ನೆರಡೂವರೆ. ಹೋದ ವರ್ಷ ಹದಿನೇಳಿದ್ದದ್ದು ಈ ವರ್ಷ ಹನ್ನೆರಡೂವರೆ ಆಗಲು ಬರುವುದಿಲ್ಲ. ವಯಸ್ಸು ಹಿಂದಕ್ಕೆ ನಡೆದರೆ ಒಪ್ಪಿಕೊಳ್ಳಬಾರದೆಂದು ಯಂತ್ರಕ್ಕೆ ಮೊದಲೇ ಕಲಿಸಿದ್ದರು. ನರ್ಸು ಮೃದುಲಾ ಅವರನ್ನು ಕರೆತಂದಳು.

ಮೃದುಲಾ ಮೊದಲು ಮೋಸವನ್ನೇ ಶಂಕಿಸಿದರು. "ಖರೆ ಹೇಳ್ರಿ. ಹುಡುಗಿಗೆ ಏನರೆ ಇಂಜೆಕ್ಷನ್ ಕೊಡಿಸೀರೇನು?"

ಗಿರಿಜವ್ವ ಎರಡೂ ಕೈ ಮುಗಿದಳು. "ಇಲ್ರೀ ಬಾಯಾರ. ಆಣಿ ಮಾಡಿ ಹೇಳ್ತೇನ್ರಿ."

ಮೃದುಲಾ ತಾವೇ ಇನ್ನೊಮ್ಮೆ ಲೋಳೆ ಹಚ್ಚಿದರು. ದಾನಿ ಕೈ ಹಿಂದಕ್ಕೆಳೆದುಕೊಂಡಳು.

"ಏನಾತು, ನೋವಾತೇನು?"

"ಇಲ್ರಿ. ಇದು ತಣ್ಣಗ ಐತ್ರಿ. ನಮ್ಮ ಗರಡ್ಯಾಗ ಔಡಲೆಣ್ಣಿ ಹಚ್ಚತಾರ್ರಿ, ಬೆಚ್ಚಗ ಇರತೈತಿ."

ಮೃದುಲಾ ಲೋಳೆಯ ಬಾಟಲಿಯನ್ನು ಕೆಳಗಿಟ್ಟರು. ಹರಳೆಣ್ಣೆ ಮಂದವಾದ ಎಣ್ಣೆ. ಲೋಳೆ ಸದ್ದನ್ನು ಹಾಗೆಯೇ ದಾಟಿಸುತ್ತದೆ. ಎಣ್ಣೆ ಒಂದು ಪಾಲನ್ನು ತಾನೂ ನುಂಗುತ್ತದೆ. ಯಂತ್ರಕ್ಕೆ ಎಣ್ಣೆ ನುಂಗಿದ್ದು, ಎಲುಬು ನುಂಗಿದ್ದು ಎಂಬ ಭೇದವಿಲ್ಲ. ಆಮೇಲೆ ಅವರಿಗೆ ಒಂದು ಹಳೆಯ ಪ್ರಶ್ನೆ ನೆನಪಾಯಿತು. ಕಲಿಯುವಾಗ ಮೊದಲ ದಿನವೇ ಕೇಳಲು ಹೇಳಿಕೊಟ್ಟಿದ್ದ ಪ್ರಶ್ನೆ ಅದು. ಯಂತ್ರ ಬಂದ ಮೇಲೆ ಕೇಳುವುದನ್ನು ಎಲ್ಲರೂ ಬಿಟ್ಟಿದ್ದರು.

"ದೊಡ್ಡಾಕಿ ಆಗ್ಯಾಳೇನ್ರಿ?"

ಗಿರಿಜವ್ವ ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟಳು. "ಆಗಿಲ್ರೀ. ಅದನ್ನ ಕೇಳಾಕ ಬಂದೇನ್ರಿ. ನನ್ನ ಮಗಳಿಗೆ ಏನಾಗೇತ್ರಿ?"

"ಏನೂ ಆಗಿಲ್ಲ," ಎಂದರು ಮೃದುಲಾ. "ನಿಮ್ಮ ಮಗಳು ಸಣ್ಣಾಕಿ ಇದ್ದಾಳ, ಅಷ್ಟೇ. ಇನ್ನೂ ಬೆಳೀತಾಳ."

ಗಿರಿಜವ್ವನ ಮುಖ ಅರಳಿತು. ದಾನಿಯದು ಬಾಡಿತು.

"ಎಷ್ಟು ಬೆಳಿತೇನ್ರಿ?"

"ಒಂದು ಗೇಣರೆ ಬೆಳೀಬೇಕು."

ದಾನಿ ತನ್ನ ಕೈಯ ಗೇಣನ್ನು ಅಗಲಿಸಿ ನೋಡಿಕೊಂಡಳು. ಅಷ್ಟು ಎತ್ತರದ ಹುಡುಗಿಯರನ್ನು ಅವಳು ಕಂಬದ ಕೆಳಗೆ ಚಪ್ಪಾಳೆ ತಟ್ಟುತ್ತ ನಿಂತಿರುವುದನ್ನು ನೋಡಿದ್ದಳು, ಮೇಲೆ ನೋಡಿರಲಿಲ್ಲ.

"ಬೆಳಿಯೂದನ್ನ ನಿಲ್ಲಸಾಕ ಬರತೈತೇನ್ರಿ?" ಎಂದು ಕೇಳಿದಳು.

ಮೃದುಲಾ ಆ ಸಂಜೆ ದಾರಿಯಲ್ಲಿ ಕಿರಾಣಿ ಅಂಗಡಿಗೆ ಹೋಗಿ ಹರಳೆಣ್ಣೆ ಕೊಂಡರು. ಮನೆಯಲ್ಲಿ ಮಗಳು ಅನಘಾಳನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿ, ಕೇಂದ್ರದಿಂದ ತಂದ ಯಂತ್ರದಲ್ಲಿ ಮುಂಗೈ ಇಡಿಸಿದರು. ಲೋಳೆ ಹಚ್ಚಿದಾಗ ಹನ್ನೊಂದು. ಒರೆಸಿ ಎಣ್ಣೆ ಹಚ್ಚಿದಾಗ ಹದಿನಾರೂವರೆ.

"ಅಮ್ಮಾ, ಹಂಗಾದ್ರ ನಂಗ ಸ್ಕೂಟಿ ಕೊಡಸ್ತೀ?" ಎಂದು ಅನಘಾ ಕುಣಿದಳು.

ಮೃದುಲಾ ನಗಲು ನೋಡಿದರು, ಆಗಲಿಲ್ಲ. ಪ್ರಬಂಧ ಹೋದರೆ ಹೋಗಲಿ. ಅದನ್ನು ನಂಬಿ ಎಷ್ಟು ಗರಡಿಗಳಲ್ಲಿ ಮಕ್ಕಳ ಮೆತ್ತನೆಯ ಮುಂಗೈಗಳ ಮೇಲೆ ದೊಡ್ಡವರ ಭಾರ ಹೇರಿದ್ದಾರೋ ಎಂದು ಅವರು ಒಂದೊಂದೇ ಊರಿನ ಹೆಸರು ನೆನೆಯುತ್ತ ಹೋದರು. ಮೆತ್ತನೆಯ ಪಟ್ಟಿ ಒಮ್ಮೆ ಜಜ್ಜಿಹೋದರೆ ಆ ಎಲುಬು ಅಲ್ಲಿಗೇ ನಿಲ್ಲುತ್ತದೆ, ಪಕ್ಕದ್ದು ಬೆಳೆಯುತ್ತ ಹೋಗುತ್ತದೆ, ಕೈ ಸೊಟ್ಟಗಾಗುತ್ತದೆ. ದಾನಿಯ ಮುಂಗೈಯಲ್ಲಿ ಪಟ್ಟಿ ಊದಿತ್ತು, ಇನ್ನೂ ಜಜ್ಜಿರಲಿಲ್ಲ.

ಮರುದಿನ ನಿರ್ದೇಶಕರು ಎಲ್ಲವನ್ನೂ ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಕೇಳಿದರು. ದಾಖಲಾದ ಮೈವಯಸ್ಸನ್ನು ಹಿಂದಕ್ಕೆ ತರುವ ಅಧಿಕಾರ ಅವರೊಬ್ಬರಿಗೇ ಇತ್ತು.

"ತಪ್ಪಾಗ್ಯದ, ಸುಧಾರಿಸೋಣ. ಯಾರು ಬ್ಯಾಡ ಅಂದ್ರು? ಕಠ್ಮಂಡು ಒಂದು ಮುಗೀಲಿ. ಈಗ ಬಾಯಿ ಬಿಟ್ರ ಇಡೀ ತಂಡಾನ ಹೋಗ್ತದ."

"ಆ ಹುಡುಗಿ ಕೈ ಹೋಗ್ತದ ಸರ್."

"ಒಂದು ತಿಂಗಳಿನಾಗ ಏನೂ ಆಗಂಗಿಲ್ಲ."

ಆಗುವುದಿಲ್ಲ ಎಂದು ಅವರಿಗೆ ಹೇಗೆ ಗೊತ್ತು ಎಂದು ಮೃದುಲಾ ಕೇಳಲಿಲ್ಲ. ನೇರವಾಗಿ ಕರೆಗುಡ್ಡಕ್ಕೆ ಹೊರಟರು.

ಫಕ್ಕೀರಪ್ಪನ ಮೇಜಿನ ಮೇಲೆ ಕಠ್ಮಂಡುವಿನ ಉಡುಪು ಹಾಸಿತ್ತು, ಎದೆಯ ಮೇಲೆ ಊರಿನ ಹೆಸರನ್ನು ಜರಿಯಲ್ಲಿ ಹೆಣೆಯುತ್ತಿದ್ದ. ಹೆಂಡತಿ ಬಂದು ಹೇಳಿದ್ದನ್ನು ಅವನು ಅರ್ಧವೂ ನಂಬಿರಲಿಲ್ಲ. ಮೃದುಲಾ ನಿಂತುಕೊಂಡೇ ಎಲ್ಲ ಹೇಳಿದರು: ಎಣ್ಣೆ, ಸದ್ದು, ತಮ್ಮ ಪ್ರಬಂಧ, ನಿರ್ದೇಶಕರ ಮಾತು. "ದಾಖಲೆ ತಿದ್ದಲಿಕ್ಕೆ ನನ್ನ ಕಡೆ ಆಗಲಿಲ್ಲ. ಕಾಗದದ ಮ್ಯಾಲೆ ಆಕಿ ಇನ್ನೂ ಹದಿನೇಳೇ. ತಡದ್ರ ನೀವೇ ತಡೀಬೇಕು, ಫಕ್ಕೀರಪ್ಪನವರ."

ಫಕ್ಕೀರಪ್ಪ ಒಳಗೆ ಹೋದ. ಕುಗ್ಗಿದವೆಂದು ಮೂಲೆಗೆ ಎಸೆದಿದ್ದ ಉಡುಪುಗಳನ್ನೆಲ್ಲ ತಂದು ಮೇಜಿನ ಮೇಲೆ ಒಂದರ ಮೇಲೊಂದು ಹಾಸಿದ. ಎಲ್ಲಕ್ಕಿಂತ ಕೆಳಗೆ ಇತ್ತೀಚಿನದು, ಮೇಲೆ ಹಳೆಯದು. ಟೇಪು ಹಿಡಿದು ಒಂದೊಂದನ್ನೂ ಅಳೆದ. ಯಾವುದೂ ಕುಗ್ಗಿರಲಿಲ್ಲ. ಕತ್ತರಿಸಿದಾಗ ಎಷ್ಟಿತ್ತೋ ಅಷ್ಟೇ ಇತ್ತು. ಒಂದಕ್ಕಿಂತ ಒಂದು ಬೆರಳು ಬೆರಳಷ್ಟು ಉದ್ದವಾಗಿ ಮಗಳು ವರ್ಷವಿಡೀ ಬೆಳೆದದ್ದು ಅಲ್ಲಿ ಹಾಸಿತ್ತು.

"ಟೇಪ್ ಕೊಳ್ಳಾಗ ಇತ್ರೀ," ಎಂದ. "ನನ್ ಕೈಯಾರೆ ಅಳದೇನಿ. ನಮ್ಮಪ್ಪ ಇದ್ದಿದ್ರ ನನ್ನ ಕಪಾಳಕ್ಕ ಹೊಡೀತಿದ್ದ." ಅವನಿಗೆ ನಾಚಿಕೆಯಾಗಿ ಅಳು ಬಂತು. ಡಾಕ್ಟರ ಮುಂದೆ ಅಳಬಾರದೆಂದು ಹೀರಾಚಂದನಿಗೆ ಫೋನು ಹಚ್ಚಿದ. "ಸೇಠ್, ನಿನ್ನ ಅರಿವಿ ಖರೇ ಐತಿ. ತಪ್ಪು ನಂದು," ಎಂದ. ಹೀರಾಚಂದ ಏನು ಹೇಳಿದನೋ, ಇವನು ಮೂರು ನಾಲ್ಕು ಸಲ "ಹೌದು, ಹೌದು" ಎಂದು ಇಟ್ಟುಬಿಟ್ಟ.

ಗರಡಿಗೆ ಹೋಗಿ ಚನ್ನವೀರ ಮಾಸ್ತರರಿಗೆ ಹೇಳಿದ. "ಸರ, ನನ್ ಮಗಳು ಬರೂದುಲ್ರಿ."

"ಹುಚ್ಚ ಹಿಡಿದೈತೇನು ನಿನಗ? ಇಂಥಾ ಸಂಧಿ ಮತ್ತ ಬರತೈತಿ ಅಂತ ತಿಳಕೊಂಡಿ? ಬೆಳದ ಮ್ಯಾಲ ಯಾರ್ ಕೇಳ್ತಾರೋ ಆಕಿನ್ನ?"

"ಯಾರೂ ಕೇಳೂದು ಬ್ಯಾಡ್ರಿ. ಕೈ ನೆಟ್ಟಗಿರ್ಲಿ."

ಮಾಸ್ತರರು ಕಂಬದ ಕಡೆ ನೋಡಿದರು. ದಾನಿ ಮೇಲೆ ಇದ್ದಳು, ಒಂಟಿಗೈಯ ಮೇಲೆ. ಅಪ್ಪನ ಮಾತು ಅವಳಿಗೆ ಕೇಳಿತ್ತು. ಅವಳು ಬೇಕೆಂದೇ ಕೆಳಗಿಳಿಯಲಿಲ್ಲ. ಮುಂಗೈ ನಡುಗತೊಡಗಿದ್ದು ನೆಲದ ಮೇಲಿದ್ದವರಿಗೂ ಕಾಣಿಸಿತು. ಮೊದಲು ಓಡಿದವರು ಮಾಸ್ತರರೇ; ಬೀಳುವವಳನ್ನು ತೋಳಲ್ಲಿ ಹಿಡಿದರು. ಹಿಡಿದಾಗ ಅವಳ ಭಾರ ಅವರಿಗೆ ಗೊತ್ತಾಯಿತು. ಹಕ್ಕಿಯ ಭಾರ ಅದಾಗಿರಲಿಲ್ಲ. ಅವರು ಮತ್ತೆ ವಾದ ಮಾಡಲಿಲ್ಲ.

ತಂಡ ಅವಳಿಲ್ಲದೆ ಕಠ್ಮಂಡುವಿಗೆ ಹೋಗಿ ಬೆಳ್ಳಿ ಪದಕ ತಂದಿತು. ಕೂಟ ಮುಗಿದ ಮೇಲೆ ಕೇಂದ್ರವು ಎಣ್ಣೆ ಹಚ್ಚಬಾರದೆಂಬ ಸುತ್ತೋಲೆ ಕಳಿಸಿತು. ಗರಡಿಯ ಮಕ್ಕಳೆಲ್ಲ ಒಂದೇ ದಿನದಲ್ಲಿ ಐದಾರು ವರ್ಷ ಚಿಕ್ಕವರಾದರು. ಮೃದುಲಾ ಪ್ರಬಂಧವನ್ನು ಹಿಂತೆಗೆದುಕೊಂಡರು. ಅದಕ್ಕೆ ಯಾವ ಮಂತ್ರಿಯ ಭಾಷಣದಲ್ಲೂ ಜಾಗ ಸಿಗಲಿಲ್ಲ.

ದಾನಿ ಕೈಗೆ ಪಟ್ಟಿ ಹಾಕಿಸಿಕೊಂಡು ಮನೆಯಲ್ಲಿದ್ದಳು. ಅಪ್ಪನ ಜೊತೆ ಮಾತು ಬಿಟ್ಟಿದ್ದಳು. ಏನಾದರೂ ಬೇಕಿದ್ದರೆ, "ಅವ್ವಾ, ಅಂವಗ ಹೇಳು," ಎನ್ನುವಳು. ಉಣ್ಣುವುದು ಮಾತ್ರ ಬಿಡಲಿಲ್ಲ. ಊಟದ ಪಟ್ಟಿಯನ್ನು ಗಿರಿಜವ್ವ ಒಲೆಗೆ ಹಾಕಿದ್ದಳು. ದಾನಿ ನಾಲ್ಕು ರೊಟ್ಟಿ ತಿಂದು ಏಳುವಳು. ಶ್ರಾವಣದಲ್ಲಿ ಒಂದು ಬೆಳಿಗ್ಗೆ ದೊಡ್ಡವಳಾದಳು. ಗಿರಿಜವ್ವ ಓಣಿಗೆಲ್ಲ ಕೊಬ್ಬರಿ ಬೆಲ್ಲ ಹಂಚಿದಳು. ದಸರೆ ಹೊತ್ತಿಗೆ ಅವಳು ತಾಯಿಯ ಕಿವಿ ಮುಟ್ಟುವಷ್ಟಾದಳು.

ಕೈ ವಾಸಿಯಾದ ಮೇಲೆ ಯಾರಿಗೂ ಹೇಳದೆ ಗರಡಿಗೆ ಹೋದಳು. ಹಳೆಯ ಪಟ್ಟುಗಳು ಒಂದೂ ಕೂರಲಿಲ್ಲ, ಎಲ್ಲಿ ಮಂಡಿ ಇಡುತ್ತಿದ್ದಳೋ ಅಲ್ಲಿಗೆ ತೊಡೆ ಬರುತ್ತಿತ್ತು. ಮೂರು ಸಲ ಜಾರಿದಳು. ನಾಲ್ಕನೆಯ ಸಲ ಕಾಲು ಚಾಚಿದಾಗ ಅದು ಕಂಬವನ್ನು ಒಂದು ಸುತ್ತು ಪೂರ್ತಿ ಸುತ್ತಿಕೊಂಡಿತು. ಮೊದಲು ಯಾವತ್ತೂ ಅಷ್ಟು ಸುತ್ತು ಸಿಕ್ಕಿರಲಿಲ್ಲ. ಎರಡೂ ಕೈ ಬಿಟ್ಟು ಅವಳು ಸ್ವಲ್ಪ ಹೊತ್ತು ಹಾಗೆಯೇ ತೂಗಿದಳು. ಮಾಸ್ತರರು ದೂರದಿಂದ ನೋಡಿ, ಕಂಬಕ್ಕೆ ಇನ್ನಷ್ಟು ಎಣ್ಣೆ ಹಚ್ಚಲು ಹೇಳಿದರು.

ಅಲ್ಲಿಂದ ನೇರ ಅಂಗಡಿಗೆ ಬಂದಳು. ಎಣ್ಣೆಗೈಯಲ್ಲೇ ಮೇಜಿನ ಮುಂದೆ ನಿಂತಳು.

"ನಂಗೊಂದು ಉಡುಪು ಬೇಕು."

ಫಕ್ಕೀರಪ್ಪ ಹೊಲಿಗೆ ಯಂತ್ರದ ಗಾಲಿ ನಿಲ್ಲಿಸಿದ. ಎಷ್ಟೋ ತಿಂಗಳ ಮೇಲೆ ಕೇಳಿದ ಮಾತು. ಹೆಚ್ಚು ಮಾತಾಡಿದರೆ ಹೋಗಿಬಿಟ್ಟಾಳು ಎಂಬ ಹೆದರಿಕೆಯಿಂದ ಸುಮ್ಮನೆ ಟೇಪು ತೆಗೆದು ಅಳೆದ, ಈ ಸಲ ಎರಡೆರಡು ಸಲ ನೋಡಿ. ಹೀರಾಚಂದನ ಅದೇ ಬಟ್ಟೆಯನ್ನು ಬಿಚ್ಚಿ ಹಾಸಿದ. ಸೀಮೆಸುಣ್ಣ ಕೈಯಲ್ಲಿ ಹಿಡಿದು ನಿಂತ.

"ಡಾಕ್ಟರ್ ಬಾಯಾರು ಒಂದು ಗೇಣು ಅಂದಿದ್ರು. ಈಗಾಗಲೇ ಸ್ವಲ್ಪ ಆಗೇತಿ," ಎಂದ. "ಒಳಗ ಎಷ್ಟು ಬಿಡ್ಲಿ, ತಂಗಿ?"

ದಾನಿ ಮೇಜಿನ ತುದಿಯ ತನಕ ಹಾಸಿದ್ದ ಬಟ್ಟೆಯನ್ನು ನೋಡಿದಳು.

"ಅವರಿಗೇನ್ ಗೊತ್ತು," ಎಂದಳು. "ಇರೂದಷ್ಟೂ ಬಿಡು."